ಡೋರ್ಟೆಯ ಹಳದಿ ಜ್ವಾಲೆ

ನಾನು ರಸಾಯನಶಾಸ್ತ್ರದ ಸಂಜೆ ತರಗತಿಗೆ ಸೇರಿದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ. ಕಾರ್ಖಾನೆಯ ಊಟದ ಕೋಣೆಯಲ್ಲಿ ಡೋರ್ಟೆಯ ಎದುರಿನ ಕುರ್ಚಿಯಲ್ಲಿ ಕೂತಿದ್ದೆ, ಅಷ್ಟೇ ಕಾರಣ. ಅವತ್ತು ಕಿಟಕಿ ಪಕ್ಕದ ಕುರ್ಚಿ ಖಾಲಿ ಇದ್ದಿದ್ದರೆ ನನಗೆ ಇವತ್ತಿಗೂ ಸೋಡಿಯಂ ಎಂದರೆ ಯಾವುದೋ ಮಾತ್ರೆ.

ನಮ್ಮದು ಕೋಪನ್‌ಹೇಗನ್ನಿಗೆ ದೂರದ ಯೂಲಂಡ್ ಪರ್ಯಾಯದ್ವೀಪದ ಪಡುವಣ ಕರಾವಳಿಯ ಬಂದರು. ಹೆರಿಂಗ್ ಮೀನನ್ನು ಸೀಳಿ, ಉಪ್ಪು ಹಾಕಿ, ಪೀಪಾಯಿಗೆ ತುಂಬುವ ಕಾರ್ಖಾನೆಯಲ್ಲಿ ನನಗೆ ಕೆಲಸ. ಶಾಲೆ ಮುಗಿದ ಮೇಲೆ ಒಂದು ವರ್ಷ ದುಡಿದು, ಮುಂದೇನು ಓದುವುದೆಂದು ಯೋಚಿಸುತ್ತೇನೆ ಎಂದು ಅಮ್ಮನಿಗೆ ಹೇಳಿ ಬಂದವನು ನಾನು. ಆ ಒಂದು ವರ್ಷ ಈಗ ಐದನೆಯದು. ಯೋಚನೆ ಇನ್ನೂ ನಡೆಯುತ್ತಿದೆ.

ಡೋರ್ಟೆ ವಾಂಗ್ಸ್‌ಗೋರ್ ಅಲ್ಲಿ ನನಗಿಂತ ಮೊದಲಿನಿಂದ ಇದ್ದವಳು. ನನಗಿಂತ ಎಂದರೆ, ನಾನು ಹುಟ್ಟುವುದಕ್ಕಿಂತ. ಐವತ್ತು ದಾಟಿ ಕೆಲವು ವರ್ಷ ಆಗಿತ್ತು. ಅಗಲ ಭುಜ, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು, ಕೊರಳಲ್ಲಿ ಸದಾ ನೇತಾಡುವ ಕಿವಿಬಿರಡೆಯ ದಾರ. ಅವತ್ತು ರೈ ಬ್ರೆಡ್ಡಿನ ಮೇಲೆ ಲಿವರ್ ಪೇಸ್ಟ್ ಸವರುತ್ತಾ, ತಲೆ ಎತ್ತದೆ ಕೇಳಿದಳು:

"ಎಸ್ಬೆನ್, ಮಂಗಳವಾರ ಸಂಜೆ ಏನ್ಮಾಡ್ತೀಯ?"

"ಏನೂ ಇಲ್ಲ."

"ಗುರುವಾರ?"

"ಅದೇ."

"ಹಾಗಾದ್ರೆ ನಿನಗೆ ಕೆಮಿಸ್ಟ್ರಿ ಕಲಿಯೋಕೆ ಟೈಮಿದೆ."

"ನನಗೆ ಕೆಮಿಸ್ಟ್ರಿ ಬರಲ್ಲ, ಡೋರ್ಟೆ. ಶಾಲೇಲಿ ಫೇಲಾಗಿದೀನಿ."

"ಬರೋ ಹಾಗಿದ್ರೆ ಯಾಕೋ ಕಲೀಬೇಕಿತ್ತು? ಇನ್ನೊಬ್ರು ಸೇರದಿದ್ರೆ ಕ್ಲಾಸೇ ನಡೆಸಲ್ಲ ಅಂತಿದಾರೆ. ನಿನ್ನ ಹೆಸರು ಕೊಟ್ಟುಬಿಟ್ಟೆ."

"ಯಾವಾಗ ಕೊಟ್ಟೆ?"

"ನಿನ್ನೆ."

ಕಾರು ನನ್ನ ಬಳಿ ಇತ್ತು, ಅವಳ ಬಳಿ ಸೈಕಲ್ ಮಾತ್ರ ಇತ್ತು ಎಂಬುದು ಈ ಆಯ್ಕೆಯಲ್ಲಿ ಎಷ್ಟು ಪಾಲು ಎಂದು ನಾನು ಆಮೇಲೆ ಯೋಚಿಸಿದ್ದುಂಟು. ತರಗತಿ ಇದ್ದದ್ದು ಪಕ್ಕದ ದೊಡ್ಡ ಊರಿನಲ್ಲಿ. ಪಡುವಣ ಗಾಳಿಗೆ ಎದುರಾಗಿ ಅಷ್ಟು ದೂರ ಸೈಕಲ್ ತುಳಿಯುವವರು ಒಂದೋ ರೇಸಿನವರು, ಇಲ್ಲವೇ ಹುಚ್ಚರು. ಡೋರ್ಟೆ ಎರಡೂ ಅಲ್ಲ, ಸುಸ್ತಾದವಳು.

ಸುಸ್ತು ಅವಳ ಕೈಗಳಿಂದ ಶುರುವಾಗಿತ್ತು. ಹದಿನಾರಕ್ಕೆ ಶಾಲೆ ಬಿಟ್ಟು ಮೀನು ಸೀಳುವ ಲೈನಿಗೆ ಬಂದವಳು. ಅಪ್ಪ ದೋಣಿಯಲ್ಲಿ ಬಲೆ ಎಳೆಯುತ್ತಿದ್ದ, ಅಮ್ಮ ಇದೇ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದಳು. ಮಗಳಿಗೆ ಬೇರೆ ದಾರಿ ಇದೆ ಎಂದು ಯಾರಿಗೂ ಹೊಳೆಯಲಿಲ್ಲ, ಮಗಳಿಗೂ. ಕಾಯ್ ಎಂಬ ಲಾರಿ ಡ್ರೈವರನ್ನು ಮದುವೆಯಾದಳು. ಅವನು ವಾರಕ್ಕೊಮ್ಮೆ ಹ್ಯಾಂಬರ್ಗಿಗೆ ಮೀನು ಹೊತ್ತು ಹೋಗುತ್ತಿದ್ದ. ಒಂದು ವಾರ ಲಾರಿಯನ್ನು ಮಾತ್ರ ಇನ್ನೊಬ್ಬರ ಕೈಲಿ ವಾಪಸು ಕಳಿಸಿದ. "ಲಾರಿ ಕಳಿಸಿದ್ನಲ್ಲ, ಕಳ್ಳ ಅಲ್ಲ ಅವನು," ಎನ್ನುತ್ತಿದ್ದಳು ಡೋರ್ಟೆ. ಕ್ರಿಸ್‌ಮಸ್ಸಿಗೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ, ಹವಾಮಾನದ ಬಗ್ಗೆ. ಮಗಳು ಮಿಲ್ಲೆ ಓಡೆನ್ಸೆಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಅಮ್ಮನ ತಲೆಯನ್ನು ನೋಡಿ ವರ್ಷಕ್ಕೆರಡು ಸಲ ನೊಂದುಕೊಳ್ಳುತ್ತಾಳೆ.

ತಣ್ಣನೆಯ ಉಪ್ಪುನೀರಿನಲ್ಲಿ ಅಷ್ಟು ವರ್ಷ ಕಳೆದ ಕೈ ಮೊದಲು ಒಡೆಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ. ಬಲ ಮಣಿಕಟ್ಟಿಗೆ ಎರಡು ಸಲ ಆಪರೇಷನ್ ಆಗಿತ್ತು. ಹೋದ ಬೇಸಿಗೆಯಲ್ಲಿ ಡಾಕ್ಟರು, ಇನ್ನೆರಡು ಚಳಿಗಾಲ ಲೈನಿನಲ್ಲಿ ನಿಂತರೆ ಹೆಬ್ಬೆರಳನ್ನು ಮರೆತುಬಿಡು ಎಂದರಂತೆ. ಅದೇ ಹೊತ್ತಿಗೆ ಮೇಲ್ಮಹಡಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು ನಿವೃತ್ತಿಗೆ ಬಂದಿದ್ದಳು. ಲ್ಯಾಬು ಅಂದರೆ ದೊಡ್ಡದೇನಲ್ಲ: ಒಂದು ಕೋಣೆ, ಎರಡು ಮೇಜು, ಕೆಲವು ಗಾಜಿನ ನಳಿಕೆ. ಉಪ್ಪುನೀರು ಎಷ್ಟು ಗಟ್ಟಿ ಇದೆ, ಮೀನಲ್ಲಿ ಕೊಬ್ಬು ಎಷ್ಟಿದೆ ಎಂದು ನೋಡುವುದು. ಆದರೆ ಅಲ್ಲಿ ಹೀಟರ್ ಇದೆ. ಕುರ್ಚಿಯೂ ಇದೆ.

ಡೋರ್ಟೆ ಹೋಗಿ ಕಾರ್ಖಾನೆಯ ಮುಖ್ಯಸ್ಥ ಪ್ರೇಬೆನ್‌ನನ್ನು ಕೇಳಿದಳು. ಅವನು ಒಳ್ಳೆಯವನೇ, ಆದರೆ ನಿಯಮದ ಹಿಂದೆ ನಿಂತು ಒಳ್ಳೆಯವನು.

"ಕೆಮಿಸ್ಟ್ರಿ ಪಾಸಾಗಿರ್ಬೇಕು, ಡೋರ್ಟೆ. ಪಾಸಾಗಿ ಬಾ, ಮುಂದಿನ ವರ್ಷ ಆಗಸ್ಟಿಂದ ಆ ಕುರ್ಚಿ ನಿಂದು. ಇಲ್ಲಾಂದ್ರೆ ಹೊರಗಿನಿಂದ ಯಾರನ್ನಾದ್ರೂ ತಗೋಬೇಕು. ನನ್ನ ಕೈ ಕಟ್ಟಿಹಾಕಿದಾರೆ."

"ಕಟ್ಟಿರೋ ಕೈನಾದ್ರೂ ಕೊಡು ಮಾರಾಯ, ನಂದು ಬಿಚ್ಚಿಕೊಂಡು ಹೋಗ್ತಾ ಇದೆ," ಎಂದು ಹೇಳಿ ಬಂದಳು.

ಹೀಗೆ, ಜೂನ್ ತಿಂಗಳ ಒಂದು ಮೌಖಿಕ ಪರೀಕ್ಷೆ ಅವಳ ಮುಂದೆ ನಿಂತಿತು. ನಮ್ಮಲ್ಲಿ ಅಂಕ ಮೈನಸ್ ಮೂರರಿಂದ ಹನ್ನೆರಡರವರೆಗೆ. ನಡುವೆ ಎಲ್ಲ ಸಂಖ್ಯೆಯೂ ಇಲ್ಲ, ಎರಡು, ನಾಲ್ಕು, ಏಳು ಹೀಗೆ ಹಾರಿ ಹಾರಿ ಹೋಗುತ್ತದೆ. ಎರಡು ಬಂದರೆ ಪಾಸು. ಅದನ್ನು 02 ಎಂದು ಬರೆಯುತ್ತಾರೆ, ಎಡಕ್ಕೆ ಒಂದು ಸೇರಿಸಿ ಯಾರೂ ಹನ್ನೆರಡು ಮಾಡಿಕೊಳ್ಳದಿರಲಿ ಎಂದಂತೆ. ಡೋರ್ಟೆಗೆ ಹನ್ನೆರಡು ಬೇಕಿರಲಿಲ್ಲ. ಆ ಸೊನ್ನೆ ಎರಡೇ ಸಾಕಿತ್ತು.

ನಮಗೆ ಪಾಠ ಹೇಳುತ್ತಿದ್ದವನು ಉಲ್ರಿಕ್. ಹಗಲಲ್ಲಿ ಮಕ್ಕಳ ಶಾಲೆಯಲ್ಲಿ ಕಲಿಸಿ, ಸಂಜೆ ನಮ್ಮನ್ನು ಹೊರುತ್ತಿದ್ದ. ಅವನ ಕಣ್ಣ ಕೆಳಗಿನ ಚೀಲಗಳಲ್ಲಿ ಒಂದು ವಾರದ ದಿನಸಿ ಹಿಡಿಯುತ್ತಿತ್ತು. ಮೊದಲ ದಿನ ಒಳಗೆ ಬಂದವನೇ ಕೋಣೆಯ ದೀಪ ಆರಿಸಿ, ಕಿಟಕಿಯ ಹೊರಗೆ ಕೈ ತೋರಿಸಿದ. ಸರಕು ಅಂಗಳದಲ್ಲಿ ಹಳೆಯ ಕಾಲದ ಹಳದಿ ದೀಪಗಳು ಉರಿಯುತ್ತಿದ್ದವು. ಅವುಗಳ ಕೆಳಗೆ ನಿಂತರೆ ಕೆಂಪು ಕಾರೂ ಹಳದಿ, ಹಸಿರು ಕಾರೂ ಹಳದಿ, ಹೆಂಡತಿಯ ಮುಖವೂ ಹಳದಿ.

"ಅದರೊಳಗೆ ಏನಿದೆ ಗೊತ್ತಾ?" ಎಂದ. "ಸೋಡಿಯಂ. ನಿಮ್ಮ ಉಪ್ಪಲ್ಲಿರೋದೇ."

"ನಾನು ದಿನವಿಡೀ ಉಪ್ಪಲ್ಲೇ ಇರ್ತೀನಿ," ಎಂದಳು ಡೋರ್ಟೆ. "ನನಗೇನೂ ಬೆಳಕು ಬಂದಿಲ್ಲ."

"ನಿನಗೆ ಕರೆಂಟ್ ಕೊಟ್ಟಿಲ್ಲವಲ್ಲ," ಎಂದೆ ನಾನು. ಆ ವರ್ಷ ತರಗತಿಯಲ್ಲಿ ನಾನಾಡಿದ ಮಾತುಗಳಲ್ಲಿ ಸರಿಯಾದದ್ದು ಅದೊಂದೇ ಎಂದು ಉಲ್ರಿಕ್ ಆಮೇಲೆ ಹೇಳಿದ.

ಅವನು ಹಲಗೆಯ ಮೇಲೆ ವೃತ್ತ ಬರೆದ. ನಡುವೆ ಬೀಜಕೇಂದ್ರ, ಸುತ್ತ ಕವಚಗಳು. ಸೋಡಿಯಂಗೆ ಹನ್ನೊಂದು ಎಲೆಕ್ಟ್ರಾನ್: ಒಳಗಿನ ಕವಚದಲ್ಲಿ ಎರಡು, ಅದರಾಚೆ ಎಂಟು, ಎಲ್ಲಕ್ಕಿಂತ ಹೊರಗೆ ಒಂಟಿಯಾಗಿ ಒಂದು. ಬೆಂಕಿಯೋ ವಿದ್ಯುತ್ತೋ ತಾಗಿದರೆ ಆ ಒಂಟಿ ಎಲೆಕ್ಟ್ರಾನ್ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ನಿಲ್ಲಲಾಗುವುದಿಲ್ಲ, ಕೆಳಗೆ ಬರುತ್ತದೆ. ಬರುವಾಗ ತನ್ನ ಬಳಿ ಇದ್ದ ಹೆಚ್ಚಿನ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಮೆಟ್ಟಿಲಿನ ಎತ್ತರ ಬದಲಾಗುವುದಿಲ್ಲವಾದ್ದರಿಂದ ಬೆಳಕಿನ ಅಲೆಯ ಉದ್ದವೂ ಬದಲಾಗುವುದಿಲ್ಲ. ಸೋಡಿಯಂನ ಜ್ವಾಲೆ ಎಲ್ಲಿ ಉರಿದರೂ ಹಳದಿಯೇ. ಪೊಟ್ಯಾಷಿಯಂಗೆ ಇನ್ನೊಂದು ಕವಚ ಹೆಚ್ಚು, ಮೆಟ್ಟಿಲುಗಳ ಎತ್ತರ ಬೇರೆ, ಆದ್ದರಿಂದ ಅದರ ಜ್ವಾಲೆ ತಿಳಿ ನೇರಳೆ.

ಇಷ್ಟಕ್ಕೆ ನಾವೆಲ್ಲ ತಲೆಯಾಡಿಸಿದೆವು. ನಾನಂತೂ ಅರ್ಥವಾದದ್ದಕ್ಕಿಂತ ಜೋರಾಗಿ ಆಡಿಸಿದೆ. ಡೋರ್ಟೆ ಕೈಯೆತ್ತಿದಳು.

"ಮೇಲಿಂದ ಕೆಳಗೆ ಬರೋವಾಗ, ನಡುವೆ ಎಲ್ಲಿರುತ್ತೆ ಅದು?"

"ನಡುವೆ ಇರಲ್ಲ."

"ಇರಲ್ಲ ಅಂದ್ರೆ? ಮೇಲಿಂದ ಕೆಳಗೆ ಬರ್ಬೇಕಾದ್ರೆ ನಡುವೆ ಹಾದೇ ಬರ್ಬೇಕಲ್ಲ."

"ಹಾಗೇನಿಲ್ಲ."

"ನೀನು ನೋಡಿದೀಯಾ?"

"ಯಾರೂ ನೋಡಿಲ್ಲ, ಡೋರ್ಟೆ."

"ಮತ್ತೆ ಇಲ್ಲ ಅಂತ ಹೇಗೆ ಗೊತ್ತಾಯ್ತು?"

ಉಲ್ರಿಕ್ ಕನ್ನಡಕ ತೆಗೆದು ಸ್ವೆಟರಿನ ಅಂಚಿಗೆ ಒರೆಸಿದ. "ಇದಕ್ಕೇಂತ ಕೋಪನ್‌ಹೇಗನ್ನಿನಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಟಲೆ ಜಗಳ ಆಡಿದಾರೆ. ನಮಗೆ ಏಳೂವರೆಗೆ ಕಾಫಿ ಇದೆ."

ಡೋರ್ಟೆ ಕಾಫಿ ಕುಡಿದಳು, ಆದರೆ ಪ್ರಶ್ನೆಯನ್ನು ಬಿಡಲಿಲ್ಲ. ಚಳಿಗಾಲವಿಡೀ ಅದೇ ಮೆಟ್ಟಿಲಲ್ಲಿ ಕೂತಳು. ಉಪ್ಪು ಯಾಕೆ ಕರಗುತ್ತದೆ, ಒಂಟಿ ಎಲೆಕ್ಟ್ರಾನನ್ನು ಸೋಡಿಯಂ ಯಾಕೆ ಬಿಟ್ಟುಕೊಡುತ್ತದೆ, ಕ್ಲೋರಿನ್ ಯಾಕೆ ಕೈಚಾಚಿ ತೆಗೆದುಕೊಳ್ಳುತ್ತದೆ, ಇದೆಲ್ಲ ಅವಳಿಗೆ ಬೇಗ ಹತ್ತಿತು. ಕೊಡುವವರು ತೆಗೆದುಕೊಳ್ಳುವವರು ಎಲ್ಲ ಕಡೆ ಇರುತ್ತಾರೆ ಎಂದಳು. ಆದರೆ ಬೆಳಕಿನ ಪಾಠಕ್ಕೆ ಬಂದಾಗಲೆಲ್ಲ ಕಾರು ಹೊಂಡಕ್ಕೆ ಇಳಿದ ಹಾಗೆ ನಿಲ್ಲುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ನಾನು ಓಡಿಸುತ್ತಾ ಪ್ರಶ್ನೆ ಕೇಳಬೇಕು, ಅವಳು ಉತ್ತರ ಹೇಳಬೇಕು ಎಂಬ ಒಪ್ಪಂದ ಇತ್ತು. ಮೂಲವಸ್ತುಗಳನ್ನು ಕ್ರಮವಾಗಿ ಹೇಳಲು ಹೊರಡುತ್ತಿದ್ದಳು: ಹೈಡ್ರೋಜನ್, ಹೀಲಿಯಂ, ಲಿಥಿಯಂ... ಹೀಟರಿನ ಬಿಸಿ ಕಾಲಿಗೆ ತಾಗುತ್ತಿದ್ದಂತೆ ಧ್ವನಿ ಕೆಳಗಿಳಿಯುತ್ತಿತ್ತು. ನಿಯಾನ್ ದಾಟಿ ಎಚ್ಚರ ಇದ್ದ ದಿನಗಳು ಕಡಿಮೆ. ಬೆಳಗಿನ ಜಾವ ಲೈನಿಗೆ ನಿಂತವಳು, ಸಂಜೆ ಆ ಹೊತ್ತಿಗೆ ಅಷ್ಟು ದೂರ ಬಂದದ್ದೇ ಹೆಚ್ಚು. ನಾನೂ ಅದೇ ಲೈನಿನವನೇ, ಆದರೆ ನನಗೆ ನಿದ್ದೆ ಬರುತ್ತಿದ್ದದ್ದು ತರಗತಿಯ ಒಳಗೆ.

ಏಪ್ರಿಲಿನಲ್ಲಿ ಉಲ್ರಿಕ್ ಒಂದು ಅಣಕು ಪರೀಕ್ಷೆ ನಡೆಸಿದ. ಡೋರ್ಟೆಗೆ ಬೆಳಕಿನ ಪಾಠವೇ ಬಂತು. ಎಲೆಕ್ಟ್ರಾನ್ ಹೇಗೆ ಕೆಳಗಿಳಿಯುತ್ತದೆ ಎಂದು ಕೇಳಿದ್ದಕ್ಕೆ ಬಾಯಿ ಮುಚ್ಚಿ ಕೂತಳು. ಫೇಲು.

"ಒಂದು ವಾಕ್ಯ, ಡೋರ್ಟೆ," ಎಂದೆ ಕಾರಿನಲ್ಲಿ. "ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಜಿಗಿಯುತ್ತೆ, ನಡುವೆ ಇರಲ್ಲ. ಹೇಳಿಬಿಟ್ರೆ ಮುಗೀತು."

"ನಾನು ನಂಬಲ್ಲ."

"ನಂಬೋದಕ್ಕೆ ಚರ್ಚಿದೆ, ಅಲ್ಲೂ ಯಾರೂ ಹೋಗಲ್ಲ. ಇದು ಪರೀಕ್ಷೆ ಮಾರಾಯ್ತಿ. ನಿನ್ನ ಹೆಬ್ಬೆರಳಿನ ವಿಷಯ ಇದು."

ಅವಳು ಕೈಗಳನ್ನು ತೊಡೆಯ ಮೇಲೆ ಮಗುಚಿ ನೋಡಿಕೊಂಡಳು. "ಹತ್ತತ್ರ ನಲವತ್ತು ವರ್ಷದಿಂದ ಅವ್ರು ಹೇಳಿದ್ದಕ್ಕೆಲ್ಲ ಹೂಂ ಅಂದಿದೀನಿ, ಎಸ್ಬೆನ್. ನೀರು ತಣ್ಣಗಿಲ್ಲ ಅಂದ್ರು, ಹೂಂ ಅಂದೆ. ಗ್ಲೌಸು ಸಾಕು ಅಂದ್ರು, ಹೂಂ ಅಂದೆ. ಈ ಸಣ್ಣದೊಂದಕ್ಕೆ ಹೂಂ ಅನ್ನೋಕೆ ಬಾಯೇ ಬರ್ತಿಲ್ಲ ನೋಡು."

ನಾನು ಹೀಟರಿನ ಬಿಸಿಯನ್ನು ಅವಳ ಕೈಗಳ ಕಡೆ ತಿರುಗಿಸಿದೆ. ಹೂಂ ಅನ್ನದಿರುವುದು ನನಗೆ ಗೊತ್ತಿದ್ದಿದ್ದರೆ ನಾನು ಐದು ವರ್ಷದಿಂದ ಮೀನು ಹೊರುತ್ತಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆಯೇ ಆ ಬೇಸಿಗೆಯ ಮೊದಲ ಕೊಬ್ಬಿದ ಹೆರಿಂಗ್ ಬಂತು. ಹೊಸ ಹೆರಿಂಗ್ ಬಂದ ದಿನ ನಮ್ಮ ಬಂದರಿನಲ್ಲಿ ಸತ್ತವರಿಗೆ ಮಾತ್ರ ರಜೆ. ಪ್ರೇಬೆನ್ ಹನ್ನೊಂದು ಗಂಟೆಯವರೆಗೆ ಬಿಡಲಿಲ್ಲ. ಡೋರ್ಟೆ ಪೀಪಾಯಿಯಿಂದ ಪೀಪಾಯಿಗೆ ಉಪ್ಪು ಎರಚುತ್ತಾ, ಕವಚಗಳ ಲೆಕ್ಕ ಬಾಯಲ್ಲಿ ಗುನುಗುತ್ತಿದ್ದಳು. ಬಿಟ್ಟ ಮೇಲೆ ಬಚ್ಚಲಲ್ಲಿ ಸೋಪು ಹಾಕಿ ಹಾಕಿ ಕೈ ತೊಳೆದಳು. ಮಿಲ್ಲೆ ಕಳಿಸಿದ್ದ ಹೂವಿನ ಶರ್ಟ್ ಹಾಕಿಕೊಂಡಳು. ಕಾರಿನಲ್ಲಿ ಕೂತು, "ನನ್ನ ಮೈಯಿಂದ ಮೀನಿನ ವಾಸನೆ ಬರ್ತಿದೆಯಾ?" ಎಂದಳು.

"ನನಗೆ ಹೇಗೆ ಗೊತ್ತಾಗ್ಬೇಕು? ನಾನೂ ಮೀನೇ."

ನನ್ನ ಸರದಿ ಮೊದಲು ಇತ್ತು. ನನಗೆ ಆಮ್ಲ ಮತ್ತು ಪ್ರತ್ಯಾಮ್ಲ ಬಂತು. ಹೆರಿಂಗನ್ನು ವಿನೆಗರಿನಲ್ಲಿ ಯಾಕೆ ಹಾಕುತ್ತಾರೆ ಎಂದು ವಿವರಿಸುತ್ತಾ ಇಡೀ ಸಮಯ ತಳ್ಳಿದೆ. ನಾಲ್ಕು ಕೊಟ್ಟರು. ವಿನೆಗರಿಗೆ ಮೂರು, ನನಗೆ ಒಂದು ಇರಬೇಕು. ಹೊರಗೆ ಬಂದು ಡೋರ್ಟೆಗೆ ಹೇಳಿದಾಗ, "ನೋಡಿದ್ಯಾ, ನಿನಗೇ ಬಂದ್ಮೇಲೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ನಮ್ಮಲ್ಲಿ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಹಿಂದಿನ ಸಾಲಿನಲ್ಲಿ ಕೂರಬಹುದು. ಬಾಯಿ ಬಿಡುವಂತಿಲ್ಲ ಅಷ್ಟೆ. ಡೋರ್ಟೆಯ ಕಡೆಯಿಂದ ನಾನು ಕೂತೆ. ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ಮಗುಚಿಟ್ಟ ಚೀಟಿಗಳು. ಒಂದು ಕಡೆ ಉಲ್ರಿಕ್. ಇನ್ನೊಂದು ಕಡೆ ಹೊರಗಿನ ಊರಿಂದ ಬಂದ ಪರೀಕ್ಷಕ ಆಸ್ಗರ್ ಥೋರುಪ್, ತೆಳ್ಳಗಿನ, ಬಿಳಿಯ ಗಡ್ಡದ ಮನುಷ್ಯ. ಅಂಕ ಇವರಿಬ್ಬರೂ ಸೇರಿ ಕೊಡಬೇಕು.

ಡೋರ್ಟೆ ಚೀಟಿ ಎತ್ತಿದಳು. ಓದಿ, ಕೆಳಗಿಟ್ಟಳು. ಅದನ್ನು ತಿರುಗಿಸಿ ನೋಡಿದ ಉಲ್ರಿಕ್‌ನ ಮುಖ ಕಂಡಾಗಲೇ ನನಗೆ ಗೊತ್ತಾಯಿತು. ಪರಮಾಣುವಿನ ರಚನೆ ಮತ್ತು ಬೆಳಕು.

ಆಸ್ಗರ್ ಅವಳ ಮುಂದೆ ಎರಡು ಗಾಜಿನ ಬಟ್ಟಲು ಸರಿಸಿದ. ಎರಡರಲ್ಲೂ ಬಿಳಿ ಪುಡಿ. ಪಕ್ಕದಲ್ಲಿ ಬರ್ನರ್, ತುದಿಗೆ ಪುಡಿ ಹತ್ತಿಸಿ ಬೆಂಕಿಗೆ ಹಿಡಿಯುವ ಬಿಳಿ ಕಡ್ಡಿಗಳು, ಕಿರುಬೆರಳುದ್ದದ ಒಂದು ಕಡುನೀಲಿ ಗಾಜು.

"ಒಂದರಲ್ಲಿ ಸೋಡಿಯಂ ಕ್ಲೋರೈಡ್ ಇದೆ, ಇನ್ನೊಂದರಲ್ಲಿ ಪೊಟ್ಯಾಷಿಯಂ ಕ್ಲೋರೈಡ್," ಎಂದ. "ಯಾವುದು ಯಾವುದು ಅಂತ ಹೇಗೆ ಹೇಳ್ತೀಯ? ಅವಸರ ಬೇಡ."

ಡೋರ್ಟೆ ಮುಂದಕ್ಕೆ ಬಾಗಿದಳು. ಎಡಗಡೆಯ ಬಟ್ಟಲಿಂದ ಒಂದು ಚಿಟಿಕೆ ತೆಗೆದಳು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು, ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು.

"ಇದಲ್ಲ," ಎಂದಳು. "ಇದು ಕಹಿ. ಅದು ನಮ್ಮ ಉಪ್ಪು."

ಇದನ್ನು ಅವಳು ಮಾಡಿದಳು ಎನ್ನುವುದಕ್ಕಿಂತ ಅವಳ ಕೈ ಮಾಡಿತು ಎನ್ನಬೇಕು. ನಮ್ಮಲ್ಲಿ ಹೊಸ ಉಪ್ಪಿನ ಚೀಲ ಬಿಚ್ಚಿದಾಗ ಲೈನಿನ ಹಳೆಯ ಹೆಂಗಸರು ಮೊದಲು ಮಾಡುವ ಕೆಲಸ ಅದು. ಹಾಗೆ ನೋಡದೆ ಪೀಪಾಯಿಗೆ ಉಪ್ಪು ಹಾಕಿದರೆ ಬೈಗುಳ ಗ್ಯಾರಂಟಿ. ಆದರೆ ಲ್ಯಾಬಿನಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು ಎಂಬುದು ಉಲ್ರಿಕ್ ಎರಡನೆಯ ದಿನದ ಪಾಠದಲ್ಲೇ, ಮಕ್ಕಳಿಗೆ ಹೇಳುವ ಧ್ವನಿಯಲ್ಲಿ ಹೇಳಿದ್ದ ಮೊದಲ ನಿಯಮ.

ಆಸ್ಗರ್ ಪೆನ್ನು ಕೆಳಗಿಟ್ಟ. ಉಲ್ರಿಕ್ ಕಣ್ಣು ಮುಚ್ಚಿಕೊಂಡ. ನಾನು ಹಿಂದಿನ ಸಾಲಿನಲ್ಲಿ ನನ್ನ ಬಾಯಿಗೆ ನಾನೇ ಕೈ ಅಡ್ಡ ಹಿಡಿದೆ, ಅದರಿಂದ ಯಾರಿಗೂ ಏನೂ ಪ್ರಯೋಜನ ಇರಲಿಲ್ಲ.

"ಈಗ ಏನು ಮಾಡಿದೆ?" ಎಂದ ಆಸ್ಗರ್.

ಡೋರ್ಟೆ ತನ್ನ ಬೆರಳನ್ನೇ ನೋಡುತ್ತಿದ್ದಳು. "ನೆಕ್ಕಿದೆ."

"ಬಟ್ಟಲಲ್ಲಿ ವಿಷ ಇದ್ದಿದ್ರೆ?"

"ಇಷ್ಟೊತ್ತಿಗೆ ನನ್ನ ಪರೀಕ್ಷೆ ಮುಗಿದಿರ್ತಿತ್ತು." ಕೈ ಹಿಂದಕ್ಕೆ ಎಳೆದುಕೊಂಡು, "ತಪ್ಪಾಯ್ತು. ಕೈ ಹೋಯ್ತು, ತಡೆಯೋಷ್ಟರಲ್ಲಿ," ಎಂದಳು.

"ಇಲ್ಲಿಗೆ ನಿಲ್ಲಿಸ್ಬೇಕಾ ಅಂತ ಯೋಚಿಸ್ತಿದೀನಿ," ಎಂದು ಆಸ್ಗರ್ ಉಲ್ರಿಕ್‌ನ ಕಡೆ ನೋಡಿದ. ಆಸ್ಗರ್ ಗಡ್ಡ ಕೆರೆದುಕೊಂಡ. "ಆ ಉತ್ತರ ನಾನು ಕೇಳಿಸ್ಕೊಂಡಿಲ್ಲ. ಲೆಕ್ಕಕ್ಕಿಲ್ಲ. ಬಾಯಿ ತೊಳ್ಕೊಂಡು ಬಾ. ಆಮೇಲೆ ಜ್ವಾಲೆಯಲ್ಲಿ ತೋರಿಸು. ಜ್ವಾಲೆಯಲ್ಲಿ ತೋರಿಸದಿದ್ರೆ, ಅಷ್ಟೇ."

ಅವಳು ಮೂಲೆಯ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದಳು. ಕಟ್ಟಿನಿಂದ ಒಂದು ಕಡ್ಡಿ ಎಳೆದು, ತುದಿಯನ್ನು ಬೆರಳಲ್ಲಿ ಸರಿಮಾಡಿ, ಎಡಗಡೆಯ ಪುಡಿಗೆ ಅದ್ದಿ ಬೆಂಕಿಗೆ ಹಿಡಿದಳು. ಹಳದಿ. ಇನ್ನೊಂದು ಕಡ್ಡಿ, ಬಲಗಡೆಯ ಪುಡಿ. ಅದೂ ಹಳದಿ, ಅಂಗಳದ ದೀಪದಷ್ಟು ಗಟ್ಟಿ ಹಳದಿ.

"ಏನು ಕಾಣ್ತಿದೆ?"

"ಹಳದಿ."

"ಎರಡೂ?"

"ಎರಡೂ."

"ಹಾಗಾದ್ರೆ ಎರಡೂ ಸೋಡಿಯಂ?"

ಅವಳ ನಾಲಿಗೆಯ ಮೇಲೆ ಉತ್ತರ ಇದೆ, ಅದನ್ನು ಹೇಳುವಂತಿಲ್ಲ. ಕಣ್ಣ ಮುಂದೆ ಇರುವುದು ಬೇರೆಯದನ್ನೇ ಹೇಳುತ್ತಿದೆ. ಬರ್ನರ್ ಸದ್ದು ಮಾಡುತ್ತಿತ್ತು. ನನಗಾದರೂ ಗೊತ್ತಿತ್ತೇ ಎಂದರೆ, ಇಲ್ಲ. ಇವರು ಬಟ್ಟಲಲ್ಲಿ ತಪ್ಪು ಪುಡಿ ಹಾಕಿದ್ದಾರೆ, ಎದ್ದು ನಿಂತು ಕೂಗಬೇಕು ಎಂದು ಕುದಿಯುತ್ತಿದ್ದೆ. ಕೂಗಿದ್ದರೆ ಇಬ್ಬರನ್ನೂ ಹೊರಗೆ ಹಾಕುತ್ತಿದ್ದರು.

ಡೋರ್ಟೆ ಕಡ್ಡಿಗಳನ್ನು ಕೆಳಗಿಟ್ಟಳು. ಅಂಗೈಗಳನ್ನು ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಬಿರುಕುಗಳನ್ನು ನೋಡಿದಳು. ಎಷ್ಟು ತೊಳೆದರೂ ಅಲ್ಲಿಂದ ಉಪ್ಪು ಹೋಗುವುದಿಲ್ಲ. ಭಾನುವಾರ ಹಿಟ್ಟು ಕಲಸಿದರೆ ಬ್ರೆಡ್ಡಿಗೆ ಬೇರೆ ಉಪ್ಪು ಹಾಕಬೇಕಾಗಿಲ್ಲ ಎಂದು ತಮಾಷೆ ಮಾಡುವವಳು.

"ಈ ಹಳದಿ ನಂದು," ಎಂದಳು ಮೆಲ್ಲಗೆ.

"ಅಂದ್ರೆ?"

"ಕಡ್ಡಿಯ ತುದಿ ಮುಟ್ಟಿಬಿಟ್ಟೆ. ನನ್ನ ಕೈತುಂಬ ಸೋಡಿಯಂ ಇದೆ." ಇನ್ನೊಂದು ಕಡ್ಡಿ ತೆಗೆದು, ತುದಿಯನ್ನು ಬೆರಳಿಗೆ ಉಜ್ಜಿ, ಯಾವ ಪುಡಿಗೂ ಅದ್ದದೆ ಬೆಂಕಿಗೆ ಹಿಡಿದಳು. ಜ್ವಾಲೆ ಹಳದಿಯಾಯಿತು. "ನೋಡು. ಇದರಲ್ಲಿ ಏನೂ ಇಲ್ಲ, ನಾನು ಬಿಟ್ರೆ."

ಆಮೇಲೆ ಎಡಗಡೆಯ ಪುಡಿಯ ಕಡ್ಡಿಯನ್ನು ಮತ್ತೆ ಬೆಂಕಿಗೆ ಹಿಡಿದು, ನೀಲಿ ಗಾಜನ್ನು ಕಣ್ಣಿಗೆ ಹಿಡಿದಳು. ನೀಲಿ ಗಾಜು ಹಳದಿಯನ್ನು ನುಂಗುತ್ತದೆ, ನೇರಳೆಯನ್ನು ಬಿಡುತ್ತದೆ, ಇದು ಪುಸ್ತಕದಲ್ಲಿತ್ತು. ತುಂಬ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು, ದಿಟ್ಟಿಸಿದ್ದಕ್ಕೆ ಇರಬಹುದು. "ಇಲ್ಲಿ ನೇರಳೆ ಇದೆ. ಕಮ್ಮಿ ಇದೆ, ಆದ್ರೆ ಇದೆ. ಇದು ಪೊಟ್ಯಾಷಿಯಂ." ಇನ್ನೊಂದನ್ನು ಹಿಡಿದಳು. "ಇಲ್ಲಿ ಏನೂ ಕಾಣ್ತಿಲ್ಲ. ಇದು ಬರೀ ಉಪ್ಪು."

ಆಸ್ಗರ್ ಪೆನ್ನು ಎತ್ತಿಕೊಂಡ.

ಅಲ್ಲಿಂದ ಮುಂದೆ ಎಲ್ಲ ಸುಗಮವಾಯಿತು ಎಂದು ಬರೆಯಲು ನನಗೂ ಆಸೆ. ಎರಡು, ಎಂಟು, ಒಂದು ಎಂದು ಸೋಡಿಯಂನ ಕವಚಗಳನ್ನು ಸರಿಯಾಗಿ ಬರೆದಳು. ಪೊಟ್ಯಾಷಿಯಂಗೆ ಎರಡು, ಎಂಟು, ಎಂಟು, ಒಂದು ಎಂಬುದನ್ನೂ ಬರೆದಳು. ಹಳದಿ, ನೇರಳೆ ಇವೆರಡರಲ್ಲಿ ಯಾವುದರ ಅಲೆ ಉದ್ದ ಎಂದದ್ದಕ್ಕೆ ನೇರಳೆ ಎಂದಳು. ಉಲ್ರಿಕ್ ಕೆಮ್ಮಿದ. ಆಸ್ಗರ್ ಇನ್ನೊಮ್ಮೆ ಕೇಳಿದಾಗ ತಡವರಿಸಿ, ಇಲ್ಲ, ಹಳದಿಯದು ಉದ್ದ, ನೇರಳೆಯದು ಗಿಡ್ಡ, ಗಿಡ್ಡ ಅಲೆಗೆ ಶಕ್ತಿ ಹೆಚ್ಚು ಎಂದು ತಿದ್ದಿಕೊಂಡಳು. ಅಷ್ಟರಲ್ಲಿ ಬಳಲಿ ಬೆವೆತಿದ್ದಳು. ಹೂವಿನ ಶರ್ಟು ಬೆನ್ನಿಗೆ ಅಂಟಿತ್ತು.

"ಕೊನೇದು," ಎಂದ ಆಸ್ಗರ್. "ಈ ಹೊರಗಿನ ಎಲೆಕ್ಟ್ರಾನ್ ಮೇಲಿನ ಮಟ್ಟದಿಂದ ಕೆಳಗೆ ಹೇಗೆ ಬರುತ್ತೆ?"

ನಾನು ನೆಲ ನೋಡಿದೆ. ಹೂಂ ಅನ್ನು, ಹೂಂ ಅಂದುಬಿಡು ಎಂದು ನನ್ನ ಬೂಟಿಗೆ ಹೇಳಿದೆ.

"ಮೇಲಿರುತ್ತೆ," ಎಂದಳು ಡೋರ್ಟೆ. "ಆಮೇಲೆ ಕೆಳಗಿರುತ್ತೆ. ಇಳಿದಷ್ಟಕ್ಕೆ ಸರಿಯಾಗಿ ಬೆಳಕು ಬರುತ್ತೆ, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ನಡುವೆ ಎಲ್ಲೂ ಇರಲ್ಲ ಅಂತ ಪುಸ್ತಕ ಹೇಳುತ್ತೆ. ನನಗೆ ಅದು ತಲೆಗೆ ಹೋಗಿಲ್ಲ, ಚಳಿಗಾಲ ಇಡೀ ಕೂತಿದೀನಿ. ಪುಸ್ತಕ ಹೇಳುತ್ತೆ ಅಂತ ಬರ್ಕೋ. ನಾನು ಹೇಳ್ದೆ ಅಂತ ಬರೀಬೇಡ."

ಆಸ್ಗರ್ ಏನು ಬರೆದುಕೊಂಡನೋ ಕಾಣಲಿಲ್ಲ. "ಹೊರಗೆ ಕಾಯ್ತೀರಾ ಸ್ವಲ್ಪ?" ಎಂದ.

ಹೊರಗೆ ಪಡಸಾಲೆಯಲ್ಲಿ ಮುಂದಿನ ಹುಡುಗಿಯ ಮನೆಯವರು, ಅವಳು ಪಾಸಾದ ಕೂಡಲೇ ಸಂಭ್ರಮಿಸಲು, ಕಾಗದದ ಬಾವುಟ, ಬೆಣ್ಣೆ ಬನ್ನು, ಥರ್ಮಾಸು ಎಲ್ಲ ಹಿಡಿದು ನಿಂತಿದ್ದರು. ಅವರ ಅಜ್ಜಿ ನಮಗೂ ಬನ್ನು ಕೊಡಲು ಬಂದಳು. ಡೋರ್ಟೆ ಬೇಡ ಎಂದಳು. ನಾನು ಎರಡು ತಿಂದೆ, ಇಂಥ ಹೊತ್ತಲ್ಲೂ ನನಗೆ ಹಸಿವಾಗುತ್ತದೆ. ಬಾಗಿಲ ಹಿಂದೆ ಮಾತಿನ ಸದ್ದು ಏರಿತು, ಇಳಿಯಿತು. ಉಲ್ರಿಕ್‌ನದೇ ಧ್ವನಿ ಹೆಚ್ಚು ಕೇಳುತ್ತಿತ್ತು. ಚಳಿಗಾಲವಿಡೀ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನೆಕ್ಕಿಬಿಟ್ನಲ್ಲೋ," ಎಂದಳು ಡೋರ್ಟೆ ಗೋಡೆ ನೋಡುತ್ತಾ. "ಯಾರಾದ್ರೂ ನೆಕ್ತಾರಾ?"

"ನಾನಂತೂ ನೆಕ್ತಿರ್ಲಿಲ್ಲ. ಅದು ಉಪ್ಪು ಅಂತಾನೇ ನನಗೆ ಗೊತ್ತಾಗ್ತಿರ್ಲಿಲ್ಲ."

ಅವಳಿಗೆ ನಗು ಬರಲಿಲ್ಲ.

ಕರೆದರು. ಆಸ್ಗರ್ ನಿಂತುಕೊಂಡೇ ಹೇಳಿದ. ಲ್ಯಾಬಿನಲ್ಲಿ ಬಾಯಿಗೆ ಹಾಕಿದ್ದು ಸಣ್ಣ ತಪ್ಪಲ್ಲ, ನನ್ನ ಶಾಲೆಯ ಹುಡುಗರಾಗಿದ್ದರೆ ಹೊರಗೆ ಕಳಿಸುತ್ತಿದ್ದೆ. ಅಲೆಗಳ ವಿಷಯದಲ್ಲಿ ತಡವರಿಸಿದೆ. ಕೊನೆಯ ಪ್ರಶ್ನೆಗೆ ಪೂರ್ತಿ ಉತ್ತರ ಬಂದಿಲ್ಲ. ಕವಚಗಳು ಸರಿ ಇದ್ದವು. ಪ್ರಯೋಗ ಕೆಟ್ಟಿತ್ತು, ಕೆಟ್ಟದ್ದು ಯಾಕೆಂದು ಕಂಡುಕೊಂಡು ಸರಿ ಮಾಡಿಕೊಂಡೆ.

"ಸೊನ್ನೆ ಎರಡು," ಎಂದ.

"ಅದು ಪಾಸಲ್ವಾ?" ಎಂದಳು ಡೋರ್ಟೆ.

"ಪಾಸು."

"ಕಾಗದದಲ್ಲೂ ಪಾಸೇ?"

"ಎಲ್ಲ ಕಡೆ ಪಾಸೇ, ಡೋರ್ಟೆ," ಎಂದ ಉಲ್ರಿಕ್. ಅವನು ಕೈ ಚಾಚಿದ. ಅವಳು ಕೈ ಕೊಡಲು ಹೋಗಿ, ಹಿಂದೆಗೆದು, ಶರ್ಟಿಗೆ ಒರೆಸಿಕೊಂಡು, ಮತ್ತೆ ಕೊಟ್ಟಳು.

ಕಾರಿನಲ್ಲಿ ನಾನು ಹಾರ್ನು ಹೊಡೆಯಲೇ, ಹಾಡಲೇ, ಏನಾದರೂ ಮಾಡಲೇ ಎಂದು ನೋಡುತ್ತಿದ್ದೆ. ಅವಳು ಮಿಲ್ಲೆಗೆ ಫೋನ್ ಮಾಡಿ, "ಪಾಸು. ಹೂಂ. ಇಲ್ಲ, ಅಳ್ತಿಲ್ಲ, ಶೀತ," ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ಪ್ರೇಬೆನ್‌ಗೆ ಮಾಡಿದಳು. ಅವನ ಗಂಟಲು ದೊಡ್ಡದು, ನನಗೂ ಕೇಳಿಸಿತು.

"ಭೇಷ್! ಆಗಸ್ಟಿಂದ ಮೇಲೆ ನಿನ್ನ ಕುರ್ಚಿ, ಮಾತು ಅಂದ್ರೆ ಮಾತು. ಡೋರ್ಟೆ, ಕೇಳು, ನಾಳೆ ಇನ್ನೊಂದು ದೋಣಿ ಬರ್ತಿದೆ, ಲೈನಲ್ಲಿ ಜನ ಇಲ್ಲ. ಬೆಳಿಗ್ಗೆ ಬರ್ತೀಯಲ್ಲ?"

"ಬರ್ತೀನಿ," ಎಂದಳು.

ನನಗೆ ರೇಗಿತು. "ಇವತ್ತಾದ್ರೂ ಆಗಲ್ಲ ಅನ್ಬಾರ್ದಾ? ಕೈ ನೋಡ್ಕೋ ಒಂದ್ಸಲ!"

"ಆಗಸ್ಟ್‌ವರೆಗೆ ತಾನೇ, ಹುಡುಗ," ಎಂದಳು. "ಇಷ್ಟು ವರ್ಷ ಎಲ್ಲಿವರೆಗೆ ಅಂತ ಯಾರೂ ಹೇಳಿರ್ಲಿಲ್ಲ."

ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು, ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಮುಂದೆ ಒಂದು ಟ್ರ್ಯಾಕ್ಟರ್ ಹುಲ್ಲು ಹೇರಿಕೊಂಡು ರಸ್ತೆಯ ನಡುವೆಯೇ ತೆವಳುತ್ತಿತ್ತು. ದಾಟಬೇಕೆಂದು ಪಕ್ಕಕ್ಕೆ ಎಳೆದವನು ಅವಳ ಕಡೆ ನೋಡಿದೆ. ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಗೇರು ಇಳಿಸಿ, ಟ್ರ್ಯಾಕ್ಟರಿನ ಹಿಂದೆಯೇ ಊರಿನವರೆಗೆ ಬಂದೆ.